ಬೆಳ್ಳಿಮೋಡದ ಇಂದಿರಾ, ಚಂದ್ರಗಿರಿಯ ನಾದಿರಾ

ತ್ರಿವೇಣಿ, ವಾಣಿ, ಎಂ.ಕೆ. ಇಂದಿರಾ, ಸಾಯಿಸುತೆ, ಉಷಾ ನವರತ್ನರಾಂ. ಅರುವತ್ತು ದಾಟಿದ ನಮ್ಮ ಬ್ಯಾರಿ ಮನೆಗಳ ಉಮ್ಮಂದಿರ ಮುಂದೆ ಈ ಹೆಸರುಗಳನ್ನು ಒಮ್ಮೆ ಹೇಳಿ ನೋಡಿ. ಎಲ್ಲರಿಗೂ ಗೊತ್ತಿರುವುದಿಲ್ಲ. ಗೊತ್ತಿರುವವರು ಮಾತ್ರ ಮೊದಲು ನಗುತ್ತಾರೆ, ಆಮೇಲೆ ಹತ್ತಿರ ಯಾರಾದರೂ ಗಂಡಸರು ಇದ್ದಾರಾ ಎಂದು ತಿರುಗಿ ನೋಡುತ್ತಾರೆ. ನಲವತ್ತು ವರ್ಷದ ಹಿಂದಿನ ಹೆದರಿಕೆ ಇನ್ನೂ ಪೂರ್ತಿ ಹೋಗಿಲ್ಲ. ಪ್ರೇಮ ಕಾದಂಬರಿ ಓದುವುದೆಂದರೆ ಆ ಕಾಲದಲ್ಲಿ ನಮ್ಮಲ್ಲಿ ಸಣ್ಣ ಅಪರಾಧ ಆಗಿರಲಿಲ್ಲ.

ಆ ಪುಸ್ತಕಗಳು ನಮ್ಮ ಮನೆಗಳಿಗೆ ಹೇಗೆ ಬಂದವು ಎನ್ನುವುದೇ ಒಂದು ಕಥೆ. ಐದನೆಯದೋ ಏಳನೆಯದೋ ಮುಗಿಸಿ, "ಹುಡುಗಿ ದೊಡ್ಡವಳಾದಳು" ಎಂಬ ಒಂದೇ ಕಾರಣಕ್ಕೆ ಶಾಲೆ ಬಿಡಿಸಿದ ಮೇಲೆ, ಕಲಿತ ಕನ್ನಡ ಅಕ್ಷರಕ್ಕೆ ಮನೆಯಲ್ಲಿ ಕೆಲಸವೇ ಇರಲಿಲ್ಲ. ಮಾತಾಡುವುದು ಬ್ಯಾರಿ, ಓದುವುದು ಮದ್ರಸದಲ್ಲಿ ಕಲಿತ ಅರಬಿ. ಕನ್ನಡ ಅಂದರೆ ಜೀನಸು ಕಟ್ಟಿ ಬಂದ ಪೊಟ್ಟಣದ ಕಾಗದ. ಬೆಲ್ಲದ ಅಂಟು ಹಿಡಿದ ಆ ಕಾಗದವನ್ನು ಬಿಡಿಸಿ, ನೀವಿ, ಅರ್ಧ ಕತೆ ಓದಿ, ಉಳಿದರ್ಧ ಯಾವ ಪೊಟ್ಟಣದಲ್ಲಿ ಬರುತ್ತದೋ ಎಂದು ಕಾದವರು ನಮ್ಮಲ್ಲಿ ಇದ್ದಾರೆ. ಇನ್ನೊಂದು ದಾರಿ ಗುಜರಿ. ನಮ್ಮವರಲ್ಲಿ ಎಷ್ಟೋ ಮಂದಿಯ ವ್ಯಾಪಾರ ಅದೇ ಅಲ್ವಾ. ಊರಿನ ಮಾಸ್ಟ್ರ ಮನೆಯಿಂದ, ಬ್ಯಾಂಕಿನವರ ಮನೆಯಿಂದ ಕೆಜಿ ಲೆಕ್ಕದಲ್ಲಿ ಬಂದ ಹಳೆ ಸುಧಾ, ಪ್ರಜಾಮತ, ಮಯೂರ, ಅದರ ನಡುವೆ ರಟ್ಟು ಹರಿದ ಕಾದಂಬರಿಗಳು. ತಕ್ಕಡಿಗೆ ಬೀಳುವ ಮೊದಲು ಅವುಗಳಲ್ಲಿ ಒಂದೆರಡು ಅಂಗಡಿಯ ಹಿಂದಿನ ಬಾಗಿಲಿನಿಂದ ಮನೆಯೊಳಗೆ ಬರುತ್ತಿದ್ದವು. ಬಾಪ ಓದುವವರಲ್ಲ. ಮಗಳಿಗೆ ಏನೋ ಒಂದು ಇರಲಿ ಎಂದು ತಂದವರೂ ಇದ್ದರು. ಅದರಲ್ಲಿ ಏನು ಬರೆದಿದೆ ಎಂದು ಗೊತ್ತಿದ್ದರೆ ತರುತ್ತಿದ್ದರೋ ಇಲ್ಲವೋ, ಅದು ಬೇರೆ ಮಾತು.

ಪೇಟೆಯಲ್ಲಿ ಇದ್ದವರಿಗೆ ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು. ದಿನಕ್ಕೆ ಇಷ್ಟು ಎಂದು ಬಾಡಿಗೆ. ಹುಡುಗಿ ಹೋಗುವ ಹಾಗಿಲ್ಲ, ತಮ್ಮ ಹೋಗಬೇಕು. ತಮ್ಮನಿಗೆ ಲಂಚ ಕೊಡಬೇಕು. "ತಾತಾ, ಇದು ಓದಿದ್ದಾ ಓದದ್ದಾ" ಎಂದು ಅವನು ತಂದದ್ದನ್ನೇ ತರುತ್ತಿದ್ದ. ಬಾಡಿಗೆ ಪುಸ್ತಕದಲ್ಲಿ ಕೊನೆಯ ಎರಡು ಹಾಳೆ ಇರುವುದಿಲ್ಲ ಎನ್ನುವುದು ಆ ಕಾಲದ ಎಲ್ಲ ಓದುಗರಿಗೂ ಗೊತ್ತಿರುವ ಸತ್ಯ. ನಾಯಕ ಬಂದನೋ ಇಲ್ಲವೋ ಎನ್ನುವುದನ್ನು ಓದುವವರೇ ತೀರ್ಮಾನಿಸಿಕೊಳ್ಳಬೇಕಿತ್ತು.

ಒಬ್ಬಳು ಓದಿದರೆ ಹತ್ತು ಮಂದಿ ಕೇಳಿದ ಹಾಗೆ. ಮಧ್ಯಾಹ್ನ ಊಟ ಆಗಿ ಗಂಡಸರು ಹೊರಗೆ ಹೋದ ಮೇಲೆ ಜಗಲಿಯ ಒಳಬದಿಯಲ್ಲಿ ಬೀಡಿ ಕಟ್ಟುವವರ ಸಾಲು. ತಡ್ಪೆಯಲ್ಲಿ ಎಲೆ, ಹೊಗೆಸೊಪ್ಪು, ನೂಲು. ಕೈಗೆ ಕೆಲಸ, ಕಿವಿಗೆ ಬಿಡುವು. ಅಕ್ಷರ ಬರುವ ಒಬ್ಬಳಿಗೆ ಓದುವ ಕೆಲಸ, ಅವಳ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡಬೇಕು. ಕನ್ನಡದಲ್ಲಿ ಓದಿ ಅಲ್ಲಲ್ಲಿ ಬ್ಯಾರಿಯಲ್ಲಿ ಅರ್ಥ ಹೇಳುವುದು. ಮೈಸೂರು ಕಡೆಯ ಬ್ರಾಹ್ಮಣರ ಮನೆಯ ಮಡಿ, ಗೌರಿ ಹಬ್ಬ, ಬೆಳ್ಳಿ ಲೋಟದ ಕಾಫಿ, ವೀಣೆ ಪಾಠ, ಇದೆಲ್ಲ ನಮ್ಮ ತಡ್ಪೆಗಳ ನಡುವೆ ಹೀಗೆ ಬಂದು ಕೂತಿತು. ಮಡಿ ಎಂದರೆ ಏನು ಎಂದು ಯಾರೂ ಕಲಿಸದೆ ನಮ್ಮ ಉಮ್ಮಂದಿರಿಗೆ ಗೊತ್ತುಂಟು. ಕಾವೇರಿಗೆ ಹುಚ್ಚು ಹಿಡಿದ ಅಧ್ಯಾಯ ಓದಿದ ದಿನ ಬ್ರಾಂಚಿಗೆ ಕೊಟ್ಟ ಬೀಡಿಯಲ್ಲಿ ವಾಪಸು ಬಂದದ್ದು ಜಾಸ್ತಿ ಎಂದು ನಗುವವರಿದ್ದಾರೆ.

ಹಿರಿಯರ ಬೈಗುಳಕ್ಕೆ ಬರಗಾಲ ಇರಲಿಲ್ಲ. ಕಥೆ ಪುಸ್ತಕ ಓದಿದರೆ ಮಂಡೆ ಹಾಳಾಗುತ್ತದೆ, ಮನೆ ಬಿಟ್ಟು ಓಡಿ ಹೋಗುತ್ತಾಳೆ, ಇತ್ಯಾದಿ. ಇದರಲ್ಲೊಂದು ತಮಾಷೆ ಉಂಟು. ಹೀಗೆ ಬೈಯುತ್ತಿದ್ದ ಅಜ್ಜಂದಿರೇ ಮದುವೆಯ ಹಿಂದಿನ ರಾತ್ರಿ ಮೈಲಾಂಜಿ ಹಚ್ಚುವಾಗ 'ಬದರುಲ್ ಮುನೀರ್ ಹುಸ್ನುಲ್ ಜಮಾಲ್' ಹಾಡಿಸಿ ತಲೆದೂಗುತ್ತಿದ್ದರು. ಅದು ಏನು? ಕೊಂಡೋಟ್ಟಿಯ ಮೋಯಿನ್‌ಕುಟ್ಟಿ ವೈದ್ಯರ್ 1872ರಲ್ಲಿ, ಇಪ್ಪತ್ತರ ಪ್ರಾಯದಲ್ಲಿ, ಅರಬಿ ಮಲಯಾಳಂನಲ್ಲಿ ಕಟ್ಟಿದ ಅಪ್ಪಟ ಪ್ರೇಮಕಥೆ. ಅರಸನ ಮಗಳು, ಮಂತ್ರಿಯ ಮಗ, ಬಾಲ್ಯದ ಪ್ರೀತಿ, ಮನೆಯವರ ಅಡ್ಡಿ, ಗುಟ್ಟಾಗಿ ಹೊರಡುವ ಯೋಜನೆ, ಮಧ್ಯೆ ಜಿನ್ನ್. ತ್ರಿವೇಣಿಯ ಯಾವ ನಾಯಕಿಯೂ ಅಷ್ಟು ದೂರ ಓಡಿಲ್ಲ. ಆದರೆ ಅದು ಹಾಡು, ಅದು ಅರಬಿ ಅಕ್ಷರದಲ್ಲಿ ಉಂಟು, ಆದ್ದರಿಂದ ಪರವಾಗಿಲ್ಲ. ಇದು ಕನ್ನಡ, ಇದು ಅಚ್ಚಾದ ಪುಸ್ತಕ, ಆದ್ದರಿಂದ ಹಾಳು. ತಕರಾರು ಪ್ರೀತಿಯ ಮೇಲೆ ಇತ್ತೋ, ಹೆಣ್ಣುಮಗಳು ಒಬ್ಬಳೇ ಕೂತು ಓದುವುದರ ಮೇಲೆ ಇತ್ತೋ ಎಂದು ನಮಗೆ ಈಗ ಸಂಶಯ.

ಈ ಮಳೆಗಾಲದಲ್ಲಿ ನಾವು ಅಂಥ ಕೆಲವು ಕಾದಂಬರಿಗಳನ್ನು ಹುಡುಕಿ ಮತ್ತೆ ಓದಿದೆವು. ಮೊದಲ ಅನಿಸಿಕೆಯನ್ನು ಮುಚ್ಚಿಡುವುದು ಬೇಡ. ಬಹಳ ಕಡೆ ನಗು ಬರುತ್ತದೆ. ನಾಯಕಿ ಬೆಳ್ಳಗೆ ಇರಲೇಬೇಕು, ಕಪ್ಪಗಿದ್ದರೆ ಅದಕ್ಕೊಂದು ಸಮಾಧಾನದ ವಾಕ್ಯ ಬೇಕು. ನಾಯಕನಿಗೆ ಕಾರು, ಎಸ್ಟೇಟು, ಇಲ್ಲದಿದ್ದರೆ ಡಾಕ್ಟರು. ತಪ್ಪು ತಿಳುವಳಿಕೆ ಎನ್ನುವುದು ಒಂದು ಮಾತು ಕೇಳಿದರೆ ಐದು ನಿಮಿಷದಲ್ಲಿ ಮುಗಿಯುವಂಥದ್ದು, ಅದನ್ನು ಇನ್ನೂರು ಪುಟ ಎಳೆಯುತ್ತಾರೆ. ಕಾಗದ ಕೈತಪ್ಪುತ್ತದೆ, ತಂತಿ ತಡವಾಗಿ ಬರುತ್ತದೆ. ನಮ್ಮ ಮನೆಯ ಹುಡುಗಿಯೊಬ್ಬಳು "ಒಂದು ಮೆಸೇಜ್ ಹಾಕಿದ್ದರೆ ಆಗ್ತಿತ್ತಲ್ಲ" ಎಂದಳು. ಸರಿಯೇ. ಗಂಡನ ಕೆನ್ನೆಪೆಟ್ಟನ್ನು ಪ್ರೀತಿಯ ಗುರುತು ಎನ್ನುವಂತೆ ದಾಟಿಸಿಬಿಡುವ ಪುಟಗಳೂ ಆ ಕಾಲದ ಪುಸ್ತಕಗಳಲ್ಲಿ ಉಂಟು. ಅದಕ್ಕೆ ನಗುವುದೂ ಕಷ್ಟ. ಅಂಥದನ್ನು ಓದಿ ನಮ್ಮವರೂ ಎಷ್ಟೋ ಮಂದಿ "ಗಂಡಸರು ಹಾಗೆಯೇ" ಎಂದು ಸುಮ್ಮನಾದರು.

ವಾಣಿಯವರ 'ಎರಡು ಕನಸು' 1974ರಲ್ಲಿ ರಾಜ್‌ಕುಮಾರ್, ಕಲ್ಪನಾ ಅಭಿನಯದಲ್ಲಿ ಸಿನೆಮಾ ಆಗಿ ನಾಡಿಗೆಲ್ಲ ಗೊತ್ತಾದ ಕತೆ. ಪ್ರೀತಿಸಿದವಳು ಸಿಗಲಿಲ್ಲ ಎಂಬ ದುಃಖದಲ್ಲಿ ಮನೆಯವರು ತಂದ ಹೆಂಡತಿಯ ಮುಖವನ್ನೂ ಸರಿಯಾಗಿ ನೋಡದ ಗಂಡ. ಆಗ ಓದಿದವರೆಲ್ಲ ಅವನಿಗಾಗಿ ಅತ್ತರು. ಈಗ ಓದಿದರೆ ಕಣ್ಣು ಹೋಗುವುದು ಅಡುಗೆ ಮನೆಯಲ್ಲಿ ಕಾಯುತ್ತಾ ಕೂತ ಆ ಹೆಂಡತಿಯ ಕಡೆಗೆ. ಅವಳಿಗೂ ಒಂದು ಕನಸು ಇದ್ದಿರಬಹುದು ಎಂದು ಆ ಮನೆಯಲ್ಲಿ ಒಬ್ಬರೂ ಕೇಳುವುದಿಲ್ಲ. ಹಾಗೆಂದು ವಾಣಿಯವರನ್ನು ಬೈಯಲು ಮನಸ್ಸಾಗುವುದಿಲ್ಲ. ಆ ಹೆಂಡತಿಯ ಕಾಯುವಿಕೆಯನ್ನು ಅವರು ಇಷ್ಟು ಎಳೆ ಎಳೆಯಾಗಿ ಬರೆಯದೆ ಇದ್ದಿದ್ದರೆ ನಮಗೆ ಇವತ್ತು ಕೋಪ ಬರುವುದಕ್ಕೂ ಜಾಗ ಇರುತ್ತಿರಲಿಲ್ಲ.

ತ್ರಿವೇಣಿಯವರ ಮಾತು ಬೇರೆ. 'ಬೆಳ್ಳಿಮೋಡ'ವನ್ನು ನಾವು ಎರಡು ಸಲ ಓದಿದೆವು. ಚಿಕ್ಕಮಗಳೂರಿನ ಕಾಫಿ ಎಸ್ಟೇಟಿನ ಮಾಲಕರ ಒಬ್ಬಳೇ ಮಗಳು ಇಂದಿರಾ. ಮೋಹನನ ಜತೆ ಮದುವೆ ನಿಶ್ಚಯ. ಹುಡುಗಿಯ ತಂದೆಯ ಖರ್ಚಿನಲ್ಲಿ ಹುಡುಗ ಅಮೆರಿಕಕ್ಕೆ ಓದಲು ಹೋಗುತ್ತಾನೆ. ಅಷ್ಟರಲ್ಲಿ ಇಂದಿರೆಯ ತಾಯಿ ಎಷ್ಟೋ ವರ್ಷದ ನಂತರ ಗಂಡು ಮಗುವನ್ನು ಹೆತ್ತು ತೀರಿಹೋಗುತ್ತಾಳೆ. ಈಗ ಆಸ್ತಿಗೆ ವಾರಸುದಾರ ಬಂದಾಯಿತು. ವಾಪಸು ಬಂದ ಮೋಹನನಿಗೆ ಇಂದಿರಾ ಬೇಡ. ಆಮೇಲೆ ಅವನು ಅಪಘಾತದಲ್ಲಿ ಪೆಟ್ಟು ಮಾಡಿಕೊಂಡು ಅದೇ ಮನೆಯಲ್ಲಿ ಮಲಗುತ್ತಾನೆ, ಇಂದಿರಾ ಆರೈಕೆ ಮಾಡುತ್ತಾಳೆ, ಅವನ ಮನಸ್ಸು ಕರಗುತ್ತದೆ, ಮದುವೆ ಆಗೋಣ ಎನ್ನುತ್ತಾನೆ. ಬಾಡಿಗೆ ಪುಸ್ತಕದಲ್ಲಿ ಕೊನೆಯ ಹಾಳೆ ಹೋಗಿದ್ದರೆ ಯಾರೂ ಊಹಿಸುವುದು ಒಂದೇ: ಅವಳು ಹೂಂ ಅನ್ನುತ್ತಾಳೆ. ಇಂದಿರಾ ಒಲ್ಲೆ ಅನ್ನುತ್ತಾಳೆ.

ಪುಟ್ಟಣ್ಣ ಕಣಗಾಲ್ ತಮ್ಮ ಮೊದಲ ಕನ್ನಡ ಚಿತ್ರಕ್ಕೆ ಇದೇ ಕತೆಯನ್ನು ಎತ್ತಿಕೊಂಡದ್ದು, 1967ರಲ್ಲಿ. ನಮ್ಮ ಮನೆಯವರು ಟಾಕೀಸಿಗೆ ಹೋದವರಲ್ಲ. ಮಂಗಳೂರು ಆಕಾಶವಾಣಿ 1976ರಲ್ಲಿ ಶುರುವಾದ ಮೇಲೆ ಹಾಡು ಕೇಳಿದರು, ಟಿವಿ ಬಂದ ಮೇಲೆ ಸಿನೆಮಾ ನೋಡಿದರು. ಆದರೆ ಪುಸ್ತಕ ಅದಕ್ಕೂ ಮೊದಲೇ ಬಂದಿತ್ತು. ಮದುವೆಯ ಮಾತುಕತೆಯಲ್ಲಿ ಹೆಣ್ಣಿನ ತಂದೆಯ ಕೈ ಎಷ್ಟು ಗಟ್ಟಿ ಎಂದು ಮೊದಲು ನೋಡಿ, ಆಮೇಲೆ ಹೆಣ್ಣು ನೋಡುವ ಪದ್ಧತಿ ಚಿಕ್ಕಮಗಳೂರಿನ ಎಸ್ಟೇಟಿಗೆ ಮಾತ್ರ ಸೀಮಿತ ಅಲ್ಲ ಎಂದು ನಮ್ಮ ಓದುಗರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಮೆರಿಕ ಇದ್ದ ಜಾಗದಲ್ಲಿ ದುಬೈ ಎಂದು ಹಾಕಿ ಓದಿದರೆ ಆಯಿತು. ಹೆಣ್ಣಿನ ಮನೆಯ ಹಣದಲ್ಲಿ ವೀಸಾ ತೆಗೆದು ಹೋದವನು ಎರಡು ವರ್ಷ ಬಿಟ್ಟು ಬಂದು "ಇನ್ನಷ್ಟು ಬಂಗಾರ" ಎಂದದ್ದು ನಮ್ಮಲ್ಲಿ ಎಷ್ಟು ಸಲ ಆಗಿದೆ! ಮಹರ್ ಕೊಟ್ಟು ಮದುವೆಯಾಗಬೇಕಾದವನು ಕೈ ಚಾಚಿ ನಿಲ್ಲುವುದು ಹೇಗೆ ಎಂದು ಮಿಂಬರಿನಿಂದಲೂ ವೇದಿಕೆಯಿಂದಲೂ ಈಗ ಮಾತಾಡುತ್ತಾರೆ. ಆಗ ಮಾತಾಡಿದವಳು ತ್ರಿವೇಣಿಯ ಇಂದಿರಾ ಒಬ್ಬಳು.

'ಶರಪಂಜರ'ವನ್ನು ಪ್ರೇಮ ಕಾದಂಬರಿ ಎನ್ನಬೇಕೋ ಬೇಡವೋ ಎಂದು ನಮ್ಮೊಳಗೇ ಚರ್ಚೆ ಆಯಿತು. ಪ್ರೀತಿಸಿ ಮದುವೆಯಾದ ಕಾವೇರಿಗೆ ಹೆರಿಗೆಯ ನಂತರ ಮನಸ್ಸು ಕೆಡುತ್ತದೆ. ಚಿಕಿತ್ಸೆ ಆಗಿ, ಗುಣವಾಗಿ, ಮನೆಗೆ ಬರುತ್ತಾಳೆ. ಮನೆ ಅವಳನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ನಂಬುವುದಿಲ್ಲ. ಅಡುಗೆಯವಳಿಂದ ಹಿಡಿದು ಗಂಡನ ತನಕ ಎಲ್ಲರ ಕಣ್ಣಲ್ಲೂ ಅವಳು ಹುಚ್ಚಿ. ಗುಣವಾದವಳನ್ನು ಮತ್ತೆ ಹುಚ್ಚು ಹಿಡಿಸುವುದು ಅವಳ ರೋಗ ಅಲ್ಲ, ಆ ಕಣ್ಣುಗಳು. ತ್ರಿವೇಣಿ ಮನಶ್ಶಾಸ್ತ್ರ ಓದಿದವರು. ಹೆರಿಗೆಯ ನಂತರ ಕೆಲವು ಹೆಂಗಸರ ಮನಸ್ಸು ತೀವ್ರವಾಗಿ ಕದಡುತ್ತದೆ, ಅದು ಚಿಕಿತ್ಸೆಯಿಂದ ವಾಸಿಯಾಗುವ ಕಾಯಿಲೆ ಎನ್ನುವುದನ್ನು ಕನ್ನಡದ ಸಾಮಾನ್ಯ ಓದುಗಳ ತನಕ ಮುಟ್ಟಿಸಿದ ಪುಸ್ತಕಗಳಲ್ಲಿ ಇದಕ್ಕೆ ದೊಡ್ಡ ಜಾಗ ಉಂಟು. ನಲವತ್ತು ದಿನದ ಬಾಣಂತನದಲ್ಲಿ ಎಣ್ಣೆ, ಬಿಸಿನೀರು, ಮದ್ದು ಎಲ್ಲವನ್ನೂ ಚಂದ ಮಾಡುವ ನಮ್ಮ ಮನೆಗಳು, ಬಾಣಂತಿ ಸುಮ್ಮನೆ ಅಳುತ್ತಾ ಕೂತರೆ, ಮಗುವನ್ನು ಮುಟ್ಟಲು ಒಲ್ಲೆ ಎಂದರೆ, ಮೊದಲು ಹುಡುಕುವುದು ಈಗಲೂ ಊದಿದ ನೀರನ್ನು. ಊದಿದ ನೀರು ಕೊಡಲಿ, ಬೇಡ ಅನ್ನುವುದಿಲ್ಲ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದು ಯಾಕೆ ಗುಟ್ಟಿನ ಕೆಲಸ ಆಗಬೇಕು? ಈ ಒಂದು ಪುಸ್ತಕವನ್ನು ಹಳತು ಎನ್ನುವ ಧೈರ್ಯ ನಮಗೆ ಬರಲಿಲ್ಲ. ತ್ರಿವೇಣಿಯವರು ತೀರಿಹೋದದ್ದು 1963ರ ಜುಲೈಯಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ. ಪ್ರಾಯ 34.

ಆದರೆ ಒಂದು ವಿಷಯ. ಇಷ್ಟೆಲ್ಲ ಪುಸ್ತಕ ಓದಿದರೂ ಅದರಲ್ಲಿ ನಾವು ಇರಲಿಲ್ಲ. ನಮ್ಮ ಕೈಗೆ ಬಂದ ಆ ಕಾಲದ ಪ್ರೇಮ ಕಾದಂಬರಿಗಳಲ್ಲಿ ಮುಸ್ಲಿಂ ಹೆಸರಿನ ನಾಯಕಿಯನ್ನು ಹುಡುಕಿದರೆ ಸಿಗುವುದಿಲ್ಲ. ಒಬ್ಬ ಸಾಬಿ ಬರುತ್ತಾನೆ, ಜಟಕಾ ಹೊಡೆಯುತ್ತಾನೆ ಅಥವಾ ಹಣ್ಣು ಮಾರುತ್ತಾನೆ, ಹರಕು ಕನ್ನಡದಲ್ಲಿ ಒಳ್ಳೆಯ ಮಾತು ಎರಡು ಆಡಿ ಹೋಗುತ್ತಾನೆ. ಅವನ ಮನೆಯಲ್ಲಿ ಒಬ್ಬಳು ಮಗಳು ಇರಬಹುದು, ಅವಳಿಗೂ ಎದೆ ಹೊಡೆದುಕೊಳ್ಳಬಹುದು ಎಂದು ಲೇಖಕಿಯರಿಗೆ ಹೊಳೆಯಲಿಲ್ಲ. ಅದು ಅವರಿಗೆ ಗೊತ್ತಿಲ್ಲದ ಲೋಕ, ತಪ್ಪು ಹೇಳಲಿಕ್ಕಾಗದು. ನಮ್ಮ ಹುಡುಗಿಯರು ಮಾತ್ರ ಇಂದಿರೆಯಾಗಿ, ಕಾವೇರಿಯಾಗಿ ಅತ್ತರು. ಬೇರೆಯವರ ಮನೆಯ ಕಿಟಕಿಯಲ್ಲಿ ನಿಂತು ಅತ್ತ ಹಾಗೆ. ಎಂ.ಕೆ. ಇಂದಿರಾರ 'ಗೆಜ್ಜೆಪೂಜೆ'ಯ ಚಂದ್ರಾಳಿಗಾಗಿ ಅತ್ತದ್ದೂ ಹಾಗೆಯೇ.

ಕನ್ನಡದ ಸಾಮಾಜಿಕ ಕಾದಂಬರಿ ಹುಟ್ಟಿದ್ದೇ ನಮ್ಮ ಮಂಗಳೂರಿನಲ್ಲಿ ಎನ್ನುವುದನ್ನು ಇಲ್ಲಿ ನೆನಪಿಸಬೇಕು. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' 1899ರಲ್ಲಿ ಇಲ್ಲಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ ಅಚ್ಚಾಯಿತು. ಎಳೆ ಪ್ರಾಯದ ವಿಧವೆಯೊಬ್ಬಳು ಮನೆಯ ಕಟ್ಟು ದಾಟಿ, ಓದು ಕಲಿತು, ಮೆಚ್ಚಿದವನನ್ನು ಮದುವೆಯಾಗುವ ಕತೆ. ನೂರಿಪ್ಪತ್ತೈದು ವರ್ಷದ ಹಿಂದೆ ಅದನ್ನು ಓದಿ ಊರಿನ ದೊಡ್ಡವರಿಗೆ ಸಿಟ್ಟು ಬಂದಿರದೆ ಇರಲಾರದು. ಆ ಪ್ರೆಸ್ಸಿನಿಂದ ಕೂಗಳತೆಯಲ್ಲಿ ಬಂದರು, ಬಂದರಿನ ತುಂಬ ಬ್ಯಾರಿ ವ್ಯಾಪಾರಿಗಳು. ನಮ್ಮ ಮನೆಯ ಕತೆ ಅಚ್ಚಾಗಲು ಮತ್ತೆ ಎಂಬತ್ತು ವರ್ಷ ಬೇಕಾಯಿತು.

ಬರೆದವರು ಸಾರಾ ಅಬೂಬಕ್ಕರ್. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿ, ಕನ್ನಡ ಶಾಲೆಯಲ್ಲಿ ಓದಿ, ಮದುವೆಯಾಗಿ ಮಂಗಳೂರಿನಲ್ಲಿ ನೆಲೆಸಿದವರು. ಮುಂದೆ ಓದಬೇಕೆಂದಿದ್ದರೂ ಅಂದಿನ ಸಮಾಜ ಬಿಡಲಿಲ್ಲ. ಒಂದು ಲೈಬ್ರರಿಯ ಸದಸ್ಯತ್ವ ಅವರಿಗೆ ಸಿಕ್ಕಿದ್ದೇ 1963ರಲ್ಲಿ. ತ್ರಿವೇಣಿ ತೀರಿಹೋದ ವರ್ಷ ಅದು, ಎಂ.ಕೆ. ಇಂದಿರಾರ ಮೊದಲ ಕಾದಂಬರಿ 'ತುಂಗಭದ್ರ' ಬಂದ ವರ್ಷವೂ ಅದೇ. ಒಂದು ಲೈಬ್ರರಿ ಕಾರ್ಡಿನಿಂದ ಏನಾಗುತ್ತದೆ ಎಂದು ಕೇಳುವವರಿಗೆ ಹೇಳಬಹುದಾದ ಉತ್ತರ 'ಚಂದ್ರಗಿರಿಯ ತೀರದಲ್ಲಿ'. 1980ರ ದಶಕದ ಆರಂಭದಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಶಾಬಾನು ತೀರ್ಪು 1985ರಲ್ಲಿ ದೇಶವನ್ನೆಲ್ಲ ಕಲಕುವ ಮೊದಲೇ.

ಅದನ್ನು ತಲಾಖ್ ವಿರುದ್ಧದ ಕಾದಂಬರಿ ಎಂದೇ ಎಲ್ಲರೂ ಕರೆಯುತ್ತಾರೆ. ಪಾಠ ಮಾಡುವವರು ಹಾಗೆ ಪಾಠ ಮಾಡುತ್ತಾರೆ, ಬೈಯುವವರು ಹಾಗೆಯೇ ಬೈದರು. ಈಗ ತಣ್ಣಗೆ ಕೂತು ಓದಿದರೆ ನಮಗೆ ಅದು ಮೊದಲಿಗೆ ಒಂದು ಪ್ರೇಮಕಥೆಯಾಗಿ ಕಂಡಿತು. ನಾದಿರಾ ಮತ್ತು ರಶೀದ್ ಮನೆಯವರು ಕೂಡಿಸಿದ ಮದುವೆಯಲ್ಲಿ ಒಬ್ಬರನ್ನೊಬ್ಬರು ಪ್ರೀತಿಸಲು ಕಲಿತವರು. ಅವರಿಬ್ಬರ ನಡುವೆ ಒಂದು ಜಗಳವೂ ಇಲ್ಲ. ಜಗಳ ಇರುವುದು ಹಣದ ವಿಷಯದಲ್ಲಿ, ಮಾವ ಮತ್ತು ಅಳಿಯನ ಮಧ್ಯೆ. ತಂದೆ ಮಹಮ್ಮದ್ ಖಾನನ ಹಠಕ್ಕೆ ತಲಾಖ್ ಆಗುತ್ತದೆ, ನಾದಿರಾಳನ್ನು ಯಾರೂ ಕೇಳುವುದಿಲ್ಲ. ಆಮೇಲೆ ಎಲ್ಲರಿಗೂ ಬುದ್ಧಿ ಬಂದಾಗ ಗಂಡ ಹೆಂಡತಿ ಮತ್ತೆ ಒಂದಾಗಬೇಕಾದರೆ ಅವಳು ಒಂದು ರಾತ್ರಿಯ ಮಟ್ಟಿಗೆ ಇನ್ನೊಬ್ಬನನ್ನು ಮದುವೆಯಾಗಬೇಕು ಎನ್ನುತ್ತಾರೆ. ಆ ರಾತ್ರಿ ನಾದಿರಾ ಮಸೀದಿಯ ಕೆರೆಗೆ ಇಳಿಯುತ್ತಾಳೆ.

ಬ್ಯಾರಿ ಮನೆಯ, ಕಾಸರಗೋಡಿನ ಮನೆಯ ಅಂಗಳ, ತಾಯಿ ಫಾತಿಮ್ಮಳ ಬಾಯಿ ಮುಚ್ಚಿಕೊಂಡ ಬದುಕು, ಹೊಳೆಯ ಆಚೆ ಈಚೆ, ಇದೆಲ್ಲ ಮೊದಲ ಸಲ ಕನ್ನಡದಲ್ಲಿ ಬಂದಾಗ ನಮ್ಮ ಓದುಗಳಿಗೆ ಮಡಿಯ ಅರ್ಥ ಹೇಳಬೇಕಾದ ಕೆಲಸ ಇರಲಿಲ್ಲ. ಇದ್ದತ್ ಎಂದರೆ ಏನು ಎಂದು ಈಗ ಉಳಿದವರು ಕೇಳಿ ತಿಳಿಯಬೇಕಿತ್ತು. ಕಾದಂಬರಿಯಾಗಿ ಅದರಲ್ಲಿ ಕೊರತೆ ಇಲ್ಲವೆಂದಲ್ಲ. ಮಹಮ್ಮದ್ ಖಾನ್ ಸ್ವಲ್ಪ ಜಾಸ್ತಿಯೇ ಕಲ್ಲು. ಕೊನೆ ಅವಸರದಲ್ಲಿ ಬರುತ್ತದೆ. ರಶೀದ್ ಇನ್ನೊಂದಿಷ್ಟು ಬಾಯಿ ಬಿಡಬೇಕಿತ್ತು ಎಂದು ನಮಗೆ ಈಗಲೂ ಅನಿಸುತ್ತದೆ, ಒಳ್ಳೆಯವನು ಎಂಬ ಒಂದೇ ಹೆಸರು ಹೊತ್ತು ಗಂಡಸು ಎಷ್ಟು ದಿನ ಬದುಕುವುದು? ಮನೆಯ ಕೊಳೆಯನ್ನು ಬೀದಿಯಲ್ಲಿ ತೊಳೆದರು ಎಂಬ ಮಾತನ್ನು ಸಾರಾ ಬಹಳ ಕೇಳಬೇಕಾಯಿತು. 2023ರ ಜನವರಿಯಲ್ಲಿ ಅವರು ತೀರಿಹೋದಾಗ ಶ್ರದ್ಧಾಂಜಲಿ ಹೇಳಿದವರಲ್ಲಿ ಹಿಂದೆ ಮುನಿಸಿಕೊಂಡವರೂ ಇದ್ದಿರಬೇಕು. ಇರಲಿ, ಒಳ್ಳೆಯದೇ.

ಆ ಮುನಿಸಿನಲ್ಲಿ ಒಂದು ಕಾರಣ ಇತ್ತು ಎಂದೂ ಒಪ್ಪಬೇಕು. ಇಂಥ ಕತೆಯನ್ನು ಹಿಡಿದು ನಮ್ಮ ಇಡೀ ಸಮಾಜವನ್ನು ಹೀಯಾಳಿಸುವವರು ಆಗಲೂ ಇದ್ದರು, ಈಗ ಇನ್ನೂ ಹೆಚ್ಚು. ಒಂದೇ ಉಸಿರಿನ ತಲಾಖ್ ಅನ್ನು ಸುಪ್ರೀಂ ಕೋರ್ಟ್ 2017ರ ಆಗಸ್ಟಿನಲ್ಲಿ ರದ್ದು ಮಾಡಿತು, 2019ರಲ್ಲಿ ಅದಕ್ಕೆ ಜೈಲು ಶಿಕ್ಷೆಯ ಕಾಯ್ದೆ ಬಂತು. ಗಂಡನನ್ನು ಜೈಲಿಗೆ ಹಾಕಿದರೆ ನಾದಿರಾಳ ಸಂಸಾರ ಸರಿಯಾಗುತ್ತಿತ್ತಾ ಎಂದು ಕೇಳಿದರೆ, ಕಾದಂಬರಿ ಓದಿದವರು ಯಾರೂ ಹೌದು ಎನ್ನಲಾರರು. ತಪ್ಪು ಮಾಡಿದವನು ಅವಳ ಗಂಡ ಅಲ್ಲವಲ್ಲ. ಆದರೆ ಹೊರಗಿನವರ ಬಾಯಿಗೆ ಹೆದರಿ ಒಳಗಿನ ಹುಡುಗಿಯ ಬಾಯಿ ಮುಚ್ಚುವುದು ಎಷ್ಟು ಕಾಲ ನಡೆಯುತ್ತದೆ?

ದೀನ್ ಏನು ಹೇಳುತ್ತದೆ ಎಂದು ಉಸ್ತಾದರನ್ನು ಕೇಳಿದರೆ ನಾದಿರಾಳ ತಂದೆಗೆ ಅಲ್ಲಿ ನಿಲ್ಲಲು ಜಾಗ ಇಲ್ಲ. ತಲಾಖ್ ಆದ ಹೆಣ್ಣು ಹಳೆಯ ಗಂಡನನ್ನೇ ಪರಸ್ಪರ ಒಪ್ಪಿ ಮತ್ತೆ ಮದುವೆಯಾಗಲು ಬಯಸಿದರೆ ಮನೆಯವರು ತಡೆಯಬಾರದು ಎಂಬ ಅರ್ಥದ ಸೂಕ್ತ ಸೂರಃ ಅಲ್ ಬಕರದಲ್ಲೇ ಉಂಟು. ಹಳೆಯ ಗಂಡನಿಗೆ ದಾರಿ ಮಾಡಿಕೊಡಲಿಕ್ಕೆಂದೇ ಒಂದು ರಾತ್ರಿಯ ಮದುವೆ ಮಾಡಿಕೊಳ್ಳುವವನನ್ನೂ ಮಾಡಿಸುವವನನ್ನೂ ಪ್ರವಾದಿಯವರು ಶಪಿಸಿದರೆಂಬ ಹದೀಸ್ ಇದೆ. ತಂದೆ ಇಷ್ಟವಿಲ್ಲದೆ ಮಾಡಿಕೊಟ್ಟ ಮದುವೆಯನ್ನು ಖನ್ಸಾ ಎಂಬ ಮಹಿಳೆ ದೂರು ತಂದಾಗ ಅವರು ರದ್ದು ಮಾಡಿದ್ದು ಬುಖಾರಿಯಲ್ಲಿ ದಾಖಲಾಗಿದೆ.

ನಮಗೆ ಈ ಓದಿನ ನಡುವೆ ಪದೇ ಪದೇ ನೆನಪಾದದ್ದು ಬರೀರಾರ ಪ್ರಸಂಗ. ಅದೂ ಬುಖಾರಿಯಲ್ಲಿ ಇರುವುದೇ. ಗುಲಾಮಗಿರಿಯಿಂದ ಬಿಡುಗಡೆಯಾದ ಬರೀರಾರಿಗೆ, ಗುಲಾಮನಾಗಿದ್ದ ಗಂಡ ಮುಗೀಸ್‌ರ ಜತೆ ಇರಬೇಕೋ ಬೇಡವೋ ಎಂದು ಆರಿಸುವ ಹಕ್ಕು ಸಿಕ್ಕಿತು. ಅವರು ಬೇಡ ಎಂದರು. ಮುಗೀಸ್ ಮದೀನಾದ ಬೀದಿಗಳಲ್ಲಿ ಅವರ ಹಿಂದೆ ಅಳುತ್ತಾ ನಡೆದರು, ಕಣ್ಣೀರು ಗಡ್ಡದ ಮೇಲೆ ಇಳಿಯುತ್ತಿತ್ತು. ಪ್ರವಾದಿಯವರಿಗೇ ಕನಿಕರ ಬಂದು ಬರೀರಾರಿಗೆ, ಮರಳಿ ಹೋಗಬಾರದೇ ಎಂದರು. ಇದು ಆಜ್ಞೆಯೋ ಎಂದು ಬರೀರಾ ಕೇಳಿದರು. ಅಲ್ಲ, ಶಿಫಾರಸು ಮಾತ್ರ ಎಂದರು. ಹಾಗಾದರೆ ನನಗೆ ಬೇಡ ಎಂದು ಬರೀರಾ ಹೇಳಿದರು, ಮಾತು ಅಲ್ಲಿಗೆ ಮುಗಿಯಿತು. ಯಾರೂ ಅವರನ್ನು ಗದರಲಿಲ್ಲ. ನಮ್ಮ ಮದ್ರಸಗಳಲ್ಲಿ ಎಷ್ಟೋ ಕತೆ ಹೇಳುತ್ತಾರೆ, ಇದನ್ನು ಹೆಣ್ಣುಮಕ್ಕಳ ಕ್ಲಾಸಿನಲ್ಲಿ ಇನ್ನೂ ಸ್ವಲ್ಪ ಗಟ್ಟಿಯಾಗಿ ಹೇಳಬಹುದು. ಎಸ್ಟೇಟಿನ ಇಂದಿರಾ ಮೋಹನನಿಗೆ ಒಲ್ಲೆ ಅಂದದ್ದನ್ನು ಓದಿ ಬೆರಗಾದ ನಮ್ಮ ಓದುಗಳಿಗೆ ಬರೀರಾರ ಹೆಸರು ಯಾರೂ ಹೇಳಿರಲಿಲ್ಲ.

ಮಂಜೇಶ್ವರ, ಕಾಸರಗೋಡು ಕಡೆಯವರಿಗೆ ಇನ್ನೊಂದು ಪುಸ್ತಕದ ಭಾಗ್ಯ ಇತ್ತು. ವೈಕಂ ಮುಹಮ್ಮದ್ ಬಶೀರರ 'ಬಾಲ್ಯಕಾಲಸಖಿ', 1944ರದ್ದು. ಮಜೀದ್ ಮತ್ತು ಸುಹರಾ. ಲೆಕ್ಕದಲ್ಲಿ ಹುಷಾರಿ ಸುಹರಾ, ದಡ್ಡ ಮಜೀದ್. ಆದರೆ ತಂದೆ ಸತ್ತ ಮೇಲೆ ಸುಹರಾಳ ಓದು ನಿಲ್ಲುತ್ತದೆ, ಮಜೀದ್ ಪೇಟೆಯ ಶಾಲೆಗೆ ಹೋಗುತ್ತಾನೆ. ತಂಗಿಯರ ಮದುವೆಗೆ ಹಣ ಕೂಡಿಸಲು ಅವನು ಪರವೂರಿಗೆ ಹೋಗಿ ಕಾಲು ಕಳೆದುಕೊಳ್ಳುತ್ತಾನೆ, ಇತ್ತ ಸುಹರಾ ಸಾಯುತ್ತಾಳೆ. ಪುಟ ಕಡಿಮೆ, ಕಣ್ಣೀರು ಹಿಂಡುವ ಪ್ರಯತ್ನವೂ ಇಲ್ಲ. ಎಂಬತ್ತು ವರ್ಷ ಹಳೆಯ ಆ ಪುಸ್ತಕದಲ್ಲಿ ನಗು ಬರುವ ಕಡೆ ಬಶೀರರೇ ನಗಿಸಿದ್ದು, ಕಾಲ ನಗಿಸಿದ್ದಲ್ಲ. ಮದುವೆಯ ಖರ್ಚಿಗಾಗಿ ಅಣ್ಣಂದಿರು ಪರವೂರಿಗೆ ಹೋಗುವುದು ಕರಾವಳಿಯಲ್ಲಿ ಮುಂದೆ ಕೊಲ್ಲಿ ಎಂಬ ಹೆಸರಿನಲ್ಲಿ ದೊಡ್ಡದಾಯಿತು. 1970ರ ದಶಕದ ಕೊನೆಗೆ ಎಸ್.ಎ. ಜಮೀಲ್ ಅವರ ದುಬೈ ಕತ್ತ್‌ಪಾಟ್ಟ್ ಕ್ಯಾಸೆಟ್ಟುಗಳಲ್ಲಿ ಬಂದಾಗ, ಕೊಲ್ಲಿಯಲ್ಲಿರುವ ಗಂಡನಿಗೆ ಹೆಂಡತಿ ಬರೆದ ಆ ಕಾಗದದ ಹಾಡನ್ನು ಕೇಳಿ ನಮ್ಮ ಎಷ್ಟು ಮನೆಗಳಲ್ಲಿ ಟೇಪ್‌ರೆಕಾರ್ಡರ್ ಆಫ್ ಮಾಡಿ ಒಳಗೆ ಹೋದವರಿದ್ದರು. ಕಾದಂಬರಿ ಓದಲು ಬಾರದವರ ಪ್ರೇಮ ಸಾಹಿತ್ಯ ಅದು.

ಈಗಿನ ಹುಡುಗಿಯರು ಓದುವುದಿಲ್ಲ ಎನ್ನುವುದು ಸುಳ್ಳು. ಪ್ರತಿಲಿಪಿಯಂಥ ಆ್ಯಪ್‌ಗಳಲ್ಲಿ ದಿನಕ್ಕೊಂದು ಕಂತು ಬರುವ ಪ್ರೇಮ ಕಾದಂಬರಿಗಳನ್ನು ಬಸ್ಸಿನಲ್ಲಿ ಕೂತು ಓದುತ್ತಾರೆ. ಪಿಯುಸಿ, ಡಿಗ್ರಿ, ಬಿಎಡ್ ಓದುವ ನಮ್ಮ ಮಕ್ಕಳು, ಲೈಬ್ರರಿಗೆ ತಮ್ಮನನ್ನು ಕಳಿಸಬೇಕಾಗಿಲ್ಲ, ಲಂಚ ಕೊಡಬೇಕಾಗಿಲ್ಲ. ಕುತೂಹಲಕ್ಕೆ ನಾವೂ ಕೆಲವನ್ನು ಓದಿದೆವು. ನಾಯಕ ಕಂಪೆನಿಯ ಮಾಲಕ, ಮುಂಗೋಪಿ. ನಾಯಕಿ ಬಡವಳು, ಒತ್ತಾಯದ ಮದುವೆ, ಕೈ ಹಿಡಿದು ಎಳೆಯುತ್ತಾನೆ, ಗೋಡೆಗೆ ಒತ್ತಿ ನಿಲ್ಲಿಸುತ್ತಾನೆ, ಇನ್ನೂರನೇ ಕಂತಿಗೆ ಪ್ರೀತಿ. ಎಸ್ಟೇಟ್ ಹೋಗಿ ಕಂಪೆನಿ ಬಂತು, ಅಷ್ಟೆ. ತ್ರಿವೇಣಿ ಹಳತಾದರು ಎಂದು ಹೇಳುವ ಹುಡುಗಿಯರಿಗೆ ನಾವು ಕೇಳಿದ್ದು, ನಿಮ್ಮ ಈ ನಾಯಕಿ ಯಾವ ಕಂತಿನಲ್ಲಿ ಒಲ್ಲೆ ಅನ್ನುತ್ತಾಳೆ ಎಂದು. ಉತ್ತರ ಬರಲಿಲ್ಲ. ಮೋಹನನಿಗೂ ಇಂದಿರಾ ಮಾಫ್ ಮಾಡಬೇಕಿತ್ತು ಎನ್ನುವವರು ಅವರಲ್ಲೇ ಇದ್ದರು, ಪಾಪ ಅವನು ಬದಲಾಗಿದ್ದನಲ್ಲ ಅಂತೆ. ಉಮ್ಮಂದಿರೇ ಇಂದಿರೆಯ ಪಕ್ಷ. ಬದಲಾದವನನ್ನು ನಂಬಿ ನೋಡಿದವರ ಮಾತು ಅದು.

ನಾದಿರಾಳ ವಿಷಯ ಬಂದಾಗ ಮಾತ್ರ ಹುಡುಗಿಯರಿಗೆ ನಿಜವಾದ ಸಿಟ್ಟು. ಕೆರೆಗೆ ಯಾಕೆ ಹೋದದ್ದು? ಚಂದ್ರಗಿರಿ ಹೊಳೆ ಪಕ್ಕದಲ್ಲೇ ಉಂಟಲ್ಲ, ಒಂದು ದೋಣಿ ಹತ್ತಿ ಎಲ್ಲಿಗಾದರೂ ಹೋಗಬಾರದಿತ್ತಾ?

"ದೋಣಿಗೆ ಕೊಡಲಿಕ್ಕೆ ಅವಳ ಕೈಯಲ್ಲಿ ಕಾಸು ಎಲ್ಲಿತ್ತು ಮೋಳೇ" ಎಂದು ಕೇಳಿದ್ದು, ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಮದುವೆಯ ತನಕ ಬೀಡಿ ಕಟ್ಟಿದವರು.